ಜಾತ್ರೆಗೆ ಹೊರಟ ಒಲೆ



ಸಂಕ್ರಾಂತಿ ಹತ್ತಿರ ಬಂತೆಂದರೆ ಕೃಷ್ಣರಾಜನಗರದ ಕಡೆ ಚುಂಚನಕಟ್ಟೆಯ ದನಗಳ ಜಾತ್ರೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯಿಂದ ಎತ್ತು ಹೊಡೆದುಕೊಂಡು ಹೋದವರಿಗೆ ವ್ಯಾಪಾರ ಕುದುರುವ ತನಕ ಬಯಲೇ ಮನೆ. ಗೂಟ ಹೊಡೆದದ್ದಾಯಿತು, ಹುಲ್ಲು ಹರಡಿದ್ದಾಯಿತು, ಮೇಲೊಂದು ಟಾರ್ಪಾಲು ಕಟ್ಟಿದ್ದಾಯಿತು. ಇನ್ನುಳಿದ ಪ್ರಶ್ನೆ ಒಂದೇ: ಹಿಟ್ಟು ಬೇಯುವುದು ಯಾವ ಒಲೆಯ ಮೇಲೆ? ಈ ಪ್ರಶ್ನೆಗೆ ನಮ್ಮ ಹಿರಿಯರು ಒಂದು ಉತ್ತರ ಕೊಟ್ಟರು, ಅವರ ಮಕ್ಕಳು ಇನ್ನೊಂದು ಕೊಟ್ಟರು, ಈಗ ನಾವು ಮತ್ತೊಂದು ಕೊಡುತ್ತಾ ಇದ್ದೇವೆ. ಜೊತೆಯಲ್ಲಿ ಹೊರಡುವ ಒಲೆಯ ಈ ಕಥೆಯನ್ನೇ ಇವತ್ತು ಸ್ವಲ್ಪ ಹೇಳೋಣ ಅಂತ.

ಹಿಂದೆ ಒಲೆಯನ್ನು ಯಾರೂ ಹೊತ್ತುಕೊಂಡು ಹೋಗುತ್ತಿರಲಿಲ್ಲ. ಹೋದ ಜಾಗದಲ್ಲೇ ಹೂಡುತ್ತಿದ್ದರು. ಮೂರು ಕಲ್ಲು ಎಲ್ಲಿ ಸಿಕ್ಕುವುದಿಲ್ಲ ಹೇಳಿ? ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಕೊಡಗಿಗೆ ಹೋಗುವ ರಸ್ತೆ ಬಹಳ ಕಾಲ ಬಂಡಿಗಳ ರಸ್ತೆಯೇ ಆಗಿತ್ತು. ಸಂಜೆ ಆಯಿತೆಂದರೆ ನೀರು ಕಂಡ ಕಡೆ ನೊಗ ಇಳಿಸುವುದು, ಸುತ್ತಮುತ್ತ ಪುಳ್ಳೆ ಆಯುವುದು, ಕಲ್ಲು ಹೂಡುವುದು. ಆ ಒಲೆಯ ಮೇಲೆ ಮೊದಲು ಕೂರುತ್ತಿದ್ದದ್ದು ಎತ್ತಿನ ಹುರುಳಿ, ಆಮೇಲೆ ಬಂಡಿಯವನ ಹಿಟ್ಟು. ಎತ್ತಿಗೆ ಬೇಯಿಸುವ ಲೆಕ್ಕ ಸೇರಿಸಿದರೆ ಸೌದೆ ಎಷ್ಟು ಬೇಕಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಹಾಗೆ ನೋಡಿದರೆ ಹುಣಸೂರೇ ದಂಡಿನ ಸಾಮಾನು ಸರಂಜಾಮಿಗೆ ಹೆಸರಾಗಿದ್ದ ಊರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂಬ ಹೆಸರಿಟ್ಟ. ಆ ದನಗಳು ಹಾಲು ಬೆಣ್ಣೆಗೆ ಮಾತ್ರ ಅಲ್ಲ, ತೋಪು ಎಳೆಯುವುದಕ್ಕೂ ಬೇಕಾಗಿದ್ದವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಹಿಂಡು ಇಂಗ್ಲಿಷರ ಕೈ ಸೇರಿತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಹುಣಸೂರಿನಲ್ಲಿ ಅದರ ಮುಖ್ಯ ಠಾಣೆ ಇತ್ತು. ಚರ್ಮ ಹದ ಮಾಡುವ, ಕಂಬಳಿ ನೇಯುವ ಸರ್ಕಾರಿ ಕಾರ್ಖಾನೆಗಳೂ ಮರದ ಕೋಠಿಯೂ ಇದ್ದವು. ದಂಡಿಗೆ ಎತ್ತು, ಚರ್ಮ, ಕಂಬಳಿ ಎಲ್ಲವೂ ಇಲ್ಲಿಂದ ಹೋಗುತ್ತಿದ್ದವು. ಒಲೆ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ, ನೋಡಿ! ಬೇರೆ ದೇಶದ ದಂಡುಗಳಲ್ಲೂ ಹೆಚ್ಚು ಕಡಿಮೆ ಹೀಗೆಯೇ. ೧೮೫೫ರಲ್ಲಿ ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗ ಅಲೆಕ್ಸಿಸ್ ಸೋಯೆರ್ ಎಂಬ ಫ್ರೆಂಚ್ ಬಾಣಸಿಗ ಪೀಪಾಯಿಯಂಥ ಒಂದು ಮುಚ್ಚಿದ ಒಲೆಯನ್ನು ಇಂಗ್ಲಿಷ್ ದಂಡಿಗೆ ಮಾಡಿಕೊಟ್ಟ. ಬೆಂಕಿ ಒಳಗೇ ಉಳಿಯುತ್ತದೆ, ಸೌದೆ ಕಮ್ಮಿ ಹಿಡಿಯುತ್ತದೆ, ಮಳೆ ಗಾಳಿಗೆ ಆರುವುದಿಲ್ಲ. ನೂರು ವರ್ಷಕ್ಕೂ ಮೇಲೆ ಆ ದಂಡು ಅದೇ ಮಾದರಿಯನ್ನು ಬಳಸಿತು.

ಮೂರು ಕಲ್ಲಿನ ಒಲೆಯ ತೊಂದರೆ ಏನು ಅಂತೀರಾ? ಬೆಂಕಿಯ ಶಾಖದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ, ಉಳಿದದ್ದು ಗಾಳಿಗೆ ಹೋಗುತ್ತದೆ. ಹೊಗೆ ಊದುಕೊಳವೆ ಹಿಡಿದವರ ಕಣ್ಣಿಗೆ, ಎದೆಗೆ ಹೋಗುತ್ತದೆ. ಬಯಲಲ್ಲಿ ಗಂಡಸರು ಎರಡು ದಿನ ಅನುಭವಿಸುವುದನ್ನು ಮನೆಯಲ್ಲಿ ಹೆಂಗಸರು ವರ್ಷವೆಲ್ಲಾ ಅನುಭವಿಸುತ್ತಾ ಬಂದರು. ಇದನ್ನು ಯೋಚಿಸಿಯೇ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದವರು ಮೂರು ಪಾತ್ರೆ ಕೂರುವ, ಹೊಗೆಕೊಳವೆ ಇರುವ ಒಲೆ ಮಾಡಿದರು. ಅದು ಮನೆಯೊಳಗೆ ಕಟ್ಟುವ ಒಲೆ, ಜಾತ್ರೆಗೆ ಬರುವಂಥದಲ್ಲ.

ಎತ್ತಿಕೊಂಡು ಹೋಗುವ ಒಲೆ ಬಂದದ್ದು ಸೀಮೆಎಣ್ಣೆಯ ಜೊತೆಯಲ್ಲಿ. ಹೆಸರೇ ಅದರ ಜಾತಕ ಹೇಳುತ್ತದೆ, ಸೀಮೆಯಿಂದ ಬಂದ ಎಣ್ಣೆ. ಹತ್ತೊಂಬತ್ತನೆಯ ಶತಮಾನದ ಕೊನೆಕೊನೆಗೆ ಅಮೆರಿಕ, ರಷ್ಯಾ, ಬರ್ಮಾ ದೇಶಗಳ ಎಣ್ಣೆ ನಾಲ್ಕು ಗ್ಯಾಲನ್, ಅಂದರೆ ಸುಮಾರು ಹದಿನೆಂಟು ಲೀಟರ್ ಹಿಡಿಯುವ ತಗಡಿನ ಡಬ್ಬಗಳಲ್ಲಿ ಬರತೊಡಗಿತು. ಹೊಂಗೆ, ಹರಳು, ಹಿಪ್ಪೆ ಎಣ್ಣೆಯ ದೀಪಗಳು ಹಿಂದೆ ಸರಿದವು. ಎಣ್ಣೆ ಮುಗಿದ ಮೇಲೂ ಡಬ್ಬವನ್ನು ಯಾರೂ ಬಿಸಾಡಲಿಲ್ಲ. ನೀರು ಹೊರುವುದಕ್ಕೆ, ರಾಗಿ ತುಂಬುವುದಕ್ಕೆ, ಬಿಚ್ಚಿ ಬಡಿದರೆ ಸೂರಿಗೆ ಹೊದಿಸುವುದಕ್ಕೆ.

೧೮೯೨ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ ಬತ್ತಿಯೇ ಇಲ್ಲದ ಸೀಮೆಎಣ್ಣೆ ಒಲೆ ಮಾಡಿದ. ಅದೇ ಪ್ರೈಮಸ್, ನಮ್ಮವರ ಬಾಯಲ್ಲಿ ಪಂಪ್ ಸ್ಟೌ. ಇದರ ಗುಟ್ಟು ಸರಳ. ಹಿತ್ತಾಳೆ ಬುಡ್ಡಿಯಲ್ಲಿ ಎಣ್ಣೆ ಇರುತ್ತದೆ. ಮೇಲಿನ ಬಟ್ಟಲಲ್ಲಿ ಸ್ವಲ್ಪ ಸ್ಪಿರಿಟ್ ಉರಿಸಿ ತಲೆಯನ್ನು ಕಾಯಿಸಬೇಕು. ಕಾದ ಮೇಲೆ ಪಂಪು ಒತ್ತಿದರೆ ಗಾಳಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ, ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ ಸೂಜಿಮೊನೆಯಷ್ಟು ತೂತಿನಿಂದ ಬುಸ್ ಎಂದು ಹೊರಬಂದು ನೀಲಿಯಾಗಿ ಉರಿಯುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ. ಒಂದು ಕಿಲೋ ಸೀಮೆಎಣ್ಣೆಯಲ್ಲಿ ಅಷ್ಟೇ ತೂಕದ ಒಣಸೌದೆಗಿಂತ ಸುಮಾರು ಎರಡೂವರೆ ಪಾಲು ಶಾಖ. ಹೊರೆ ಹೊತ್ತು ದೂರ ಹೋಗುವವನಿಗೆ ಇದಕ್ಕಿಂತ ಇನ್ನೇನು ಬೇಕು? ನಾರ್ವೆಯ ಅಮುಂಡ್ಸೆನ್ ೧೯೧೧ರಲ್ಲಿ ದಕ್ಷಿಣ ಧ್ರುವಕ್ಕೆ ಹೋದಾಗ ಹಿಮ ಕರಗಿಸಿದ್ದು ಇಂಥ ಒಲೆಯಲ್ಲಿ. ೧೯೫೩ರಲ್ಲಿ ತೇನ್‌ಸಿಂಗ್, ಹಿಲರಿ ಎವರೆಸ್ಟ್ ಏರಿದ ತಂಡದ ಜೊತೆಯಲ್ಲೂ ಪ್ರೈಮಸ್ ಇತ್ತು.

ಎವರೆಸ್ಟಿಗೆ ಹೊಂದಿದ ಒಲೆ ನಮ್ಮ ಹಿಟ್ಟಿಗೆ ಹೊಂದಲಿಲ್ಲ ಎಂದರೆ ನಗಬೇಡಿ. ರಾಗಿಹಿಟ್ಟು ತೊಳಸುವಾಗ ಕೋಲಿಗೆ ಮೈಯೆಲ್ಲಾ ಬಲ ಹಾಕಬೇಕು. ಮೂರು ಕಾಲಿನ ಸಣ್ಣ ಸ್ಟೌ ಮೇಲೆ ದೊಡ್ಡ ತಪ್ಪಲೆ ಇಟ್ಟು ಹಾಗೆ ತಿರುವಿದರೆ ತಪ್ಪಲೆ, ಒಲೆ, ಎಣ್ಣೆ ಎಲ್ಲವೂ ಕಾಲ ಮೇಲೆ. ಅನುಭವಸ್ಥರು ಎಸರು ಕುದಿದು ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಗೋಣಿಯ ಮೇಲಿಟ್ಟು, ಕವೆಗೋಲಿನಿಂದ ಅದುಮಿ ಹಿಡಿದು ತೊಳಸುತ್ತಿದ್ದರು. ಇವತ್ತು ಯಾವ ಸಣ್ಣ ಒಲೆ ಕೊಂಡರೂ ಈ ಕ್ರಮವನ್ನು ಬಿಡಕೂಡದು. ಅಂಗಡಿಯಲ್ಲಿ ಒಲೆ ನೋಡುವಾಗ ಹೊಳಪು ನೋಡಬೇಡಿ. ಕಾಲು ಎಷ್ಟು ಅಗಲವಾಗಿದೆ, ಪಾತ್ರೆ ಕೂರುವ ಕಟ್ಟು ಎಷ್ಟು ಗಟ್ಟಿ ಎಂಬುದನ್ನು ನೋಡಿ.

೧೯೪೨ರಲ್ಲಿ ಜಪಾನಿನ ಸೈನ್ಯ ಬರ್ಮಾಕ್ಕೆ ನುಗ್ಗಿತು. ಎಣ್ಣೆ ಶತ್ರುವಿನ ಕೈಗೆ ಸಿಕ್ಕಬಾರದೆಂದು ಇಂಗ್ಲಿಷರೇ ಯೆನಾಂಗ್ಯಾಂಗ್ ಎಣ್ಣೆಬಾವಿಗಳನ್ನು ಹಾಳುಮಾಡಿ ಹಿಂದೆಗೆದರು. ಎಲ್ಲಿಯ ಬರ್ಮಾ, ಎಲ್ಲಿಯ ನಮ್ಮ ಹಳ್ಳಿ! ಆದರೂ ಇಲ್ಲಿಯ ಬುಡ್ಡಿದೀಪ ಕ್ಷೀಣಿಸಿತು, ಎಣ್ಣೆಗೆ ಅಳತೆ ಬಂತು. ಪರದೇಶದ ಉರುವಲನ್ನು ನಂಬಿದ ಒಲೆಗೆ ಈ ಕಷ್ಟ ತಪ್ಪಿದ್ದಲ್ಲ.

ಇಂಥ ಅಭಾವದ ದಿನಗಳಲ್ಲಿ ಕೈ ಹಿಡಿಯುತ್ತಿದ್ದದ್ದು ಹೊಟ್ಟಿನ ಒಲೆ. ಮರ ಕೊಯ್ಯುವ ಮಿಲ್ಲುಗಳಿದ್ದ ಊರುಗಳಲ್ಲಿ ಹೊಟ್ಟಿಗೇನು ಬರ? ಅದೇ ಸೀಮೆಎಣ್ಣೆ ಡಬ್ಬದ ಬುಡದ ಪಕ್ಕಕ್ಕೆ ಒಂದು ತೂತು ಕೊರೆಯುವುದು. ನಡುವೆ ಒಂದು ಬಾಟಲಿ ನಿಲ್ಲಿಸಿ, ಪಕ್ಕದ ತೂತಿನಿಂದ ಒಂದು ಕೋಲು ತೂರಿಸಿ, ಸುತ್ತ ಒಣಹೊಟ್ಟನ್ನು ಗಟ್ಟಿಯಾಗಿ ತುಂಬಿ ಗುದ್ದುವುದು. ಬಾಟಲಿಯನ್ನೂ ಕೋಲನ್ನೂ ಮೆಲ್ಲಗೆ ತಿರುವಿ ತೆಗೆದರೆ ಗಾಳಿಯಾಡುವ ಸುರಂಗ ಸಿದ್ಧ. ಕೆಳಗಿನಿಂದ ಹಚ್ಚಿದರೆ ಗಂಟೆಗಟ್ಟಲೆ ಒಂದೇ ಸಮ ಉರಿಯುತ್ತದೆ. ಹಸಿಹೊಟ್ಟಾದರೆ ಹೊಗೆಯೋ ಹೊಗೆ. ಸಡಿಲವಾಗಿ ತುಂಬಿದರೆ ನಡುವೆ ಕುಸಿದು ಆರುತ್ತದೆ. ಎತ್ತಿನ ಹುರುಳಿ ಬೇಯಿಸಲು ಇದಕ್ಕಿಂತ ಅಗ್ಗದ ಒಲೆ ನನಗಂತೂ ತೋರಲಿಲ್ಲ. ಇದನ್ನು ಮರೆತದ್ದು ನಮ್ಮ ಜನ ಮಾಡಿದ ದುಡುಕು ಎಂದೇ ನನ್ನ ಭಾವನೆ.

ಪಂಪ್ ಸ್ಟೌವಿನ ಇನ್ನೊಂದು ಕಥೆಯನ್ನೂ ಹೇಳದೆ ಬಿಡುವಂತಿಲ್ಲ. ತೂತು ಕಟ್ಟಿಕೊಂಡಾಗ ಪಿನ್ನು ಹಾಕದೆ ಮೇಲೆ ಮೇಲೆ ಪಂಪು ಒತ್ತಿದರೆ, ಉರಿಯುತ್ತಿರುವಾಗಲೇ ಎಣ್ಣೆ ಸುರಿದರೆ, ಎಣ್ಣೆಗೆ ಪೆಟ್ರೋಲ್ ಬೆರೆತಿದ್ದರೆ ಅನಾಹುತ ಖಂಡಿತ. ಹಾಗೆ ಸುಟ್ಟುಕೊಂಡವರು ಎಷ್ಟೋ ಮಂದಿ. ಆದರೆ ಒಂದು ಕಾಲದಲ್ಲಿ ಪೇಪರಿನಲ್ಲಿ ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂದು ಬರುತ್ತಿದ್ದ ಸುದ್ದಿಗಳಲ್ಲಿ ಎಲ್ಲವೂ ಒಲೆಯ ತಪ್ಪಾಗಿರಲಿಲ್ಲ. ವರದಕ್ಷಿಣೆಯ ಪಾಪವನ್ನು ಒಲೆಯ ತಲೆಗೆ ಕಟ್ಟಿದವರೂ ಇದ್ದರು. ಮದುವೆಯಾದ ಏಳು ವರ್ಷದೊಳಗಿನ ಇಂಥ ಸಾವುಗಳಿಗೆ ೧೯೮೬ರಲ್ಲಿ ಪ್ರತ್ಯೇಕ ಕಾನೂನು ತರಬೇಕಾಯಿತು ಎಂದ ಮೇಲೆ ಹೆಚ್ಚು ಹೇಳುವುದೇನಿದೆ?

ಆಮೇಲೆ ಬತ್ತಿ ಸ್ಟೌ ಬಂತು. ಪಂಪಿಲ್ಲ, ಒತ್ತಡವಿಲ್ಲ, ಸಿಡಿಯುವ ಭಯ ಕಮ್ಮಿ. ಬತ್ತಿಗಳನ್ನು ಸಮನಾಗಿ ಕತ್ತರಿಸಿ ಇಟ್ಟುಕೊಂಡರೆ ನೀಲಿ ಉರಿ, ಇಲ್ಲದಿದ್ದರೆ ಹಳದಿ ಉರಿ ಮತ್ತು ಪಾತ್ರೆಯ ತುಂಬ ಮಸಿ. ಮನೆಯಲ್ಲಿ ಇನ್ನೂ ಒಂದು ಇದ್ದರೆ ಆರಿಸಿ, ತಣ್ಣಗಾದ ಮೇಲೆಯೇ ಎಣ್ಣೆ ತುಂಬಿ. ರೇಷನ್ ಸೀಮೆಎಣ್ಣೆ ಮೊದಲಿನ ಹಾಗೆ ಸಿಕ್ಕದ ಈ ದಿನದಲ್ಲಿ ಹೊಸದಾಗಿ ಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಗ್ಯಾಸಿನ ಕಥೆ ನಿಮಗೆ ಗೊತ್ತಿರುವುದೇ. ಇಂಡೇನ್ ಗ್ಯಾಸು ೧೯೬೫ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು. ಬಡ ಮನೆಗಳಿಗೆ ಉಜ್ವಲಾ ಯೋಜನೆ ಬಂದದ್ದು ೨೦೧೬ರಲ್ಲಿ. ಮನೆಯ ಸಿಲಿಂಡರು ೧೪.೨ ಕಿಲೋದ್ದು, ಬಯಲಿಗೆ ಹೊರಡುವವರಿಗೆ ೫ ಕಿಲೋದ್ದು ಸಾಕು. ಕಂಪನಿಯ ಏಜೆನ್ಸಿಯಲ್ಲೇ ಕೊಳ್ಳಿ, ಸೀಲು ನೋಡಿ ಕೊಳ್ಳಿ. ದೊಡ್ಡ ಸಿಲಿಂಡರಿನಿಂದ ಸಣ್ಣ ಬುಡ್ಡಿಗೆ ಕದ್ದು ತುಂಬಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ತುಂಬುವಾಗ ಒಳಗೆ ಖಾಲಿ ಜಾಗ ಬಿಡದಿದ್ದರೆ ಬಿಸಿಲಿಗೆ ದ್ರವ ಹಿಗ್ಗಿ ಬುಡ್ಡಿಯೇ ಬಿರಿಯುತ್ತದೆ. ಬೆಟ್ಟ ಹತ್ತುವ ಹುಡುಗರು ತರುವ ಅಂಗೈಯಷ್ಟು ಒಲೆ, ಕಾಲು ಕಿಲೋ ಗ್ಯಾಸಿನ ಡಬ್ಬಿ ಇವೆಯಲ್ಲ, ಅವು ಒಬ್ಬಿಬ್ಬರ ಕಾಫಿಗೆ ಸರಿ. ಐದಾರು ಜನದ ಹಿಟ್ಟಿಗೆ ಅಲ್ಲ. ಆ ಡಬ್ಬಿಗಳನ್ನು ಮತ್ತೆ ತುಂಬಿಸುವಂತೆಯೂ ಇಲ್ಲ.

ಯಾತ್ರೆಗೆ ಒಲೆ ಕಟ್ಟಿಕೊಂಡು ಹೊರಡುವವರು ಒಂದು ಸಂಗತಿ ಕೇಳಬೇಕು. ೨೦೨೩ರ ಆಗಸ್ಟ್ ೨೬ರ ಬೆಳಗಿನ ಜಾವ ಮಧುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ರೈಲು ಡಬ್ಬಿಗೆ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಒಳಗೆ ಕದ್ದು ತಂದ ಗ್ಯಾಸ್ ಸಿಲಿಂಡರಿತ್ತು. ಕಾಶಿಗೋ ರಾಮೇಶ್ವರಕ್ಕೋ ರೈಲಿನಲ್ಲಿ ಹೊರಟರೆ ಒಲೆ, ಎಣ್ಣೆ, ಗ್ಯಾಸು ಯಾವುದನ್ನೂ ಒಯ್ಯಬಾರದು; ಅದಕ್ಕೆ ಶಿಕ್ಷೆಯೂ ಉಂಟು. ಬಸ್ಸು ಮಾಡಿಕೊಂಡು ಹೋಗುವವರು ಇಳಿದು, ಬಯಲಲ್ಲಿ ಒಲೆ ಹಚ್ಚಲಿ.

ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪಿನ ರೈತರಿಗೆ ಬೇರೆ ಮಾತು. ಬ್ಯಾರನ್ನಿನಲ್ಲಿ ಎಲೆ ಹದವಾಗುವ ವಾರವೆಲ್ಲಾ ರಾತ್ರಿ ಕಾವಲು ಇರಲೇಬೇಕು. ಒಂದು ಕಿಲೋ ಎಲೆಗೆ ನಾಲ್ಕೈದು ಕಿಲೋ ಸೌದೆ ನುಂಗುವ ಆ ಒಲೆಯ ಪಕ್ಕದಲ್ಲೇ ಕಾಫಿಗೆಂದು ಸಣ್ಣ ಒಲೆ ಹಚ್ಚುವವರಿದ್ದಾರೆ. ಒಣಗಿದ ಎಲೆ, ರಾಶಿ ಸೌದೆ, ಪಕ್ಕದಲ್ಲಿ ಸಿಲಿಂಡರು, ಇದು ಬೇಡ. ಬ್ಯಾರನ್ನಿನಿಂದ ಹತ್ತಿಪ್ಪತ್ತು ಮಾರು ದೂರ, ಗಾಳಿಗೆ ಮರೆಯಾದ ಕಡೆ ಹಚ್ಚಿ.

ಕೋಟೆ ತಾಲ್ಲೂಕಿನವರಿಗೆ ಕಾಡು ಮಗ್ಗುಲಲ್ಲೇ ಇದೆ. ಹಿಂದೆ ಕಾಕನಕೋಟೆ ಖೆಡ್ಡಾ ನಡೆಯುತ್ತಿದ್ದ ದಿನಗಳಲ್ಲಿ, ಕೊನೆಯದು ಆದದ್ದು ೧೯೭೧ರಲ್ಲಿ, ಕಾಡಿನಲ್ಲೇ ಜನರ ಬೀಡು ಬಿಡುತ್ತಿತ್ತು. ಆ ಕಾಲ ಹೋಯಿತು. ನಾಗರಹೊಳೆ ೧೯೫೫ರಲ್ಲಿ ಅಭಯಾರಣ್ಯವಾಯಿತು, ಆಮೇಲೆ ರಾಷ್ಟ್ರೀಯ ಉದ್ಯಾನವೂ ಆಯಿತು. ೧೯೭೨ರ ಕಾನೂನಿನ ಪ್ರಕಾರ ಅದರೊಳಗೆ ಬೆಂಕಿ ಹಚ್ಚುವುದೂ ತಪ್ಪು, ಉರಿಯುವ ಬೆಂಕಿ ಬಿಟ್ಟು ಬರುವುದೂ ತಪ್ಪು. ಫೆಬ್ರವರಿ, ಮಾರ್ಚಿಯಲ್ಲಿ ಬಿದಿರು, ಹುಲ್ಲು ಒಣಗಿ ನಿಂತಿರುವಾಗ ಕಾಡಂಚಿನ ಹೊಲದಲ್ಲೂ ಮೂರು ಕಲ್ಲಿನ ಒಲೆ ಹೂಡದೆ ಇರುವುದೇ ಲೇಸು. ಹೂಡಲೇಬೇಕಾದರೆ ಸುತ್ತ ತರಗು ಗುಡಿಸಿ, ಏಳುವಾಗ ಬೂದಿ ಕೆದಕಿ ನೀರು ಹಾಕಿ.

ಇನ್ನು ಚುಂಚನಕಟ್ಟೆಗೆ ಹೊರಡುವವರಿಗೆ. ಹುರುಳಿಗೆ ಹೊಟ್ಟಿನ ಒಲೆ, ನಿಮ್ಮ ಅಡಿಗೆಗೆ ಅಗಲ ಕಾಲಿನ ಗ್ಯಾಸ್ ಒಲೆ. ಎರಡೂ ಇಟ್ಟುಕೊಂಡರೆ ಖರ್ಚು ತೂಗುತ್ತದೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹುಲ್ಲಿನ ಕಡೆಗೇ ಹರಿಯುತ್ತದೆ. ಸೋರಿಕೆ ನೋಡುವುದಕ್ಕೆ ಸೋಪಿನ ನೀರು ಸವರಿ, ಕಡ್ಡಿ ಗೀರಬೇಡಿ. ಜನವರಿಯ ಚಳಿಗೆ ಇಜ್ಜಲ ಒಲೆಯನ್ನು ಟಾರ್ಪಾಲಿನೊಳಗೆ ಇಟ್ಟು, ಸುತ್ತ ಮುಚ್ಚಿ ಮಲಗುವ ಅಭ್ಯಾಸ ಕೆಲವರಲ್ಲಿದೆ. ಕೆಂಡದಿಂದ ಏಳುವ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವನಿಗೆ ತಿಳಿಯುವುದೇ ಇಲ್ಲ. ಮಲಗುವ ಮುಂಚೆ ಕೆಂಡ ಹೊರಗೆ ಹೋಗಲಿ, ಕಂಬಳಿ ಇನ್ನೊಂದು ಹೊದೆಯಿರಿ. ಜಾತ್ರೆ ಮುಗಿದು ಸಾಮಾನು ಟೆಂಪೋಗೆ ಏರಿಸುವಾಗ ಸಿಲಿಂಡರಿನ ರೆಗ್ಯುಲೇಟರು ಬಿಚ್ಚಿ, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಹಗ್ಗದಲ್ಲಿ ಕಟ್ಟಿ. ಉಳಿದ ಹುಲ್ಲು ಇನ್ನೊಂದು ಗಾಡಿಯಲ್ಲಿ ಬರಲಿ.