ಗಾಳದವರು ಬರೆದಿಟ್ಟ ಲೆಕ್ಕ

ಪೂರಿಗಾಲಿ ಸೀಮೆಯ ಗದ್ದೆ ಬಯಲನ್ನು ಹಾದು ಶಿವನಸಮುದ್ರದಲ್ಲಿ ಧುಮುಕಿದ ಮೇಲೆ ಕಾವೇರಿ ಊರಿನ ಸಹವಾಸ ಬಿಟ್ಟು ಕಾಡು ಹೊಗುತ್ತದೆ. ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಗಳ ಈ ಹರಿವು 1987ರಲ್ಲಿ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿತು. ಮೋಜಿಗೆ ಬರುವವರು ಮಾತ್ರ ಅದಕ್ಕೂ ಬಹಳ ಮುಂಚೆಯೇ ಬಂದಿದ್ದರು. ಅವರನ್ನು ಇಲ್ಲಿಗೆ ಎಳೆದದ್ದು ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಮಹಶೀರ್ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಸ್ವಾತಂತ್ರ್ಯಾನಂತರ ಈ ಮೀನನ್ನು ಹೊರಜಗತ್ತು ಮರೆತೇ ಬಿಟ್ಟಿತ್ತು. 1970ರ ದಶಕದ ಕೊನೆಯಲ್ಲಿ ಮೂವರು ಇಂಗ್ಲಿಷರ ತಂಡವೊಂದು ಹುಡುಕಿಕೊಂಡು ಬಂದ ಮೇಲೆ ಮತ್ತೆ ಹೆಸರಾಯಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿಯಲ್ಲಿ ಶಿಬಿರ ತೆರೆಯಿತು. ಗಾಳಕ್ಕೆ ಮೇವು ನಮ್ಮ ರಾಗಿಯೇ: ಹಿಟ್ಟನ್ನು ನಾದಿ, ಬೇಯಿಸಿ, ನಿಂಬೆಗಾತ್ರದ ಉಂಡೆ ಮಾಡಿ ಕೊಕ್ಕೆಗೆ ಚುಚ್ಚುತ್ತಿದ್ದರು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ನೀರಿಗೇ ಬಿಡುವುದು ಕಟ್ಟಳೆ. ತೋಟೆ ಸಿಡಿಸಿ ಮೀನು ಕೊಲ್ಲುತ್ತಿದ್ದ ಕಾಲದಲ್ಲಿ ಶಿಬಿರದ ಕಾವಲು ನದಿಗೆ ಒಂದಿಷ್ಟು ಆಸರೆಯಾಯಿತು. ಹಿಂದೆ ಕದ್ದು ಹಿಡಿಯುತ್ತಿದ್ದವರಲ್ಲಿ ಕೆಲವರಿಗೆ ಅಲ್ಲೇ ಕೆಲಸವೂ ಸಿಕ್ಕಿತು.

2012ರ ಹೊತ್ತಿಗೆ ಈ ಗಾಳಗಾರಿಕೆ ನಿಂತಿತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಸೆರೆಹಿಡಿಯುವುದೂ ಬೇಟೆಯೇ. ಅಭಯಾರಣ್ಯದೊಳಗೆ ಗಾಳ ಹಾಕುವುದು ಹೇಗೆ ಸರಿ ಎಂಬ ವಾದಕ್ಕೆ ಉತ್ತರಿಸುವುದು ಕಷ್ಟ. ಕೊಕ್ಕೆ ಚುಚ್ಚಿಸಿಕೊಂಡ ಮೀನಿಗೆ ಅದು ಆಟವಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಹೊಟ್ಟೆಪಾಡಿಗೆ ಬಲೆ ಬೀಸುವ ಬೆಸ್ತನನ್ನು ಕಳ್ಳನೆಂದು ಓಡಿಸಿ, ದುಡ್ಡುಳ್ಳವನ ಗಾಳಕ್ಕೆ ಸಲಾಮು ಹೊಡೆಯುವುದು ಯಾವ ನ್ಯಾಯ? ಇದನ್ನು ಒಪ್ಪಲೇಬೇಕು. ಆದರೆ ಮೋಜನ್ನು ಹೊರಗಟ್ಟಿದರೆ ಮೀನು ಉಳಿಯುತ್ತದೆ ಎಂಬ ತೀರ್ಮಾನವನ್ನು ಗಾಳಿಬೋರೆ ಶಿಬಿರದ ಪುಸ್ತಕಗಳೇ ಅಲುಗಾಡಿಸುತ್ತವೆ. 1998ರಿಂದ 2012ರವರೆಗಿನ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರ ಸಂಶೋಧಕರು ಪರಿಶೀಲಿಸಿದರು: 23,620 ಗಂಟೆಗಳ ಗಾಳಗಾರಿಕೆ, 6,161 ಮಹಶೀರ್. ಸಿಕ್ಕ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಮೇಲ್ನೋಟಕ್ಕೆ ಸುಭಿಕ್ಷ. ಒಳಹೊಕ್ಕು ನೋಡಿದರೆ ಏರಿದ್ದು ನೀಲಿ ರೆಕ್ಕೆಯ ಪರಊರಿನ ಮಹಶೀರ್. ನಮ್ಮ ಗೂನುಬೆನ್ನಿನದು ಕರಗುತ್ತಾ ಬಂದಿತ್ತು. ನೀಲಿ ರೆಕ್ಕೆಯದನ್ನು ಮರಿಕೇಂದ್ರದಲ್ಲಿ ಬೆಳೆಸಿ ಕಾವೇರಿಗೆ ಬಿಟ್ಟದ್ದು ಮಹಶೀರನ್ನು ಉಳಿಸುತ್ತೇವೆಂದೇ! ಗಾಳದವರಿಗೂ ಅದು ಹಿತವಾಗಿತ್ತೆನ್ನಿ. ಮೀನು ಹೆಚ್ಚಿದಷ್ಟೂ ಶಿಬಿರಕ್ಕೆ ಗಿರಾಕಿ. ಹೀಗೆ ಮೋಜೂ ಸಂರಕ್ಷಣೆಯೂ ಒಂದೇ ತಪ್ಪಿನಲ್ಲಿ ಪಾಲುದಾರರಾದವು. ಆ ತಪ್ಪು ಬೆಳಕಿಗೆ ಬಂದದ್ದು ಮಾತ್ರ ಗಾಳದವರು ಬರೆದಿಟ್ಟ ಲೆಕ್ಕದಿಂದ. ಗೂನುಬೆನ್ನಿನ ಈ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ, ಟಾರ್ ರೆಮದೇವಿಯೈ ಎಂದು. ಅಳಿವಿನ ತೀವ್ರ ಅಂಚಿನ ಜೀವಿಗಳ ಪಟ್ಟಿಗೂ ಅದೇ ವರ್ಷ ಸೇರಿತು.

ಜನ ಬಂದರೆ ಕಾಡು ಕೆಡುತ್ತದೆ ಎಂಬುದಕ್ಕೆ ರಜಾದಿನದ ಮುತ್ತತ್ತಿಯನ್ನು ತೋರಿಸುವವರಿದ್ದಾರೆ. ಆಂಜನೇಯನ ದರ್ಶನ, ಹೊಳೆಯ ಸ್ನಾನ, ದಡದಲ್ಲೇ ಅಡುಗೆ, ಬಿಟ್ಟುಹೋದ ಪ್ಲಾಸ್ಟಿಕ್: ಇದಕ್ಕೆ ಕಡಿವಾಣ ಬೇಕು, ನಿಜ. ಆದರೆ ಅದೇ ಕಾವೇರಿಯ ಮೇಲ್ದಂಡೆಯ ರಾಮನಾಥಪುರದಲ್ಲಿ ಭಕ್ತರು ಪುರಿ ಎಸೆದು ದೇವರ ಮೀನುಗಳನ್ನು ನೋಡಿ ಸಂತೋಷಪಡುತ್ತಾರೆ. ಅಲ್ಲಿ ಬಲೆ ಬೀಳುವುದಿಲ್ಲ. ಜನರ ಸಂಖ್ಯೆಗಿಂತ ಅವರು ಯಾವ ಕಟ್ಟಳೆಗೆ ಬದ್ಧರು ಎಂಬುದೇ ಮುಖ್ಯ. ಇಂದು ಭೀಮೇಶ್ವರಿಯಲ್ಲಿ ದೋಣಿ, ಹಗ್ಗದಾಟಗಳ ಸಾಹಸ ಶಿಬಿರ ನಡೆಯುತ್ತಿದೆ; ಗಾಳದ ಕಾಲದ ಆ ಮೀನಿನ ಪುಸ್ತಕವಿಲ್ಲ. ಗಾಳವನ್ನು ಮೋಜಿಗಾಗಿ ಮತ್ತೆ ತೆರೆಯಬೇಕಾಗಿಲ್ಲ. ಅರಣ್ಯ ಇಲಾಖೆ ಹಳೆಯ ಗಾಳಗಾರರನ್ನೂ ದಡದ ಬೆಸ್ತರನ್ನೂ ಕೂಲಿ ಕೊಟ್ಟು ಕರೆಯಿಸಿ, ವರ್ಷಕ್ಕೊಮ್ಮೆ ಮೀನು ಎಣಿಸಿ, ಲೆಕ್ಕವನ್ನು ಊರಿನ ಮುಂದಿಡಲಿ. ಅಲ್ಲಿಯತನಕ ಹೊರಗಿನ ಒಂದು ಮರಿಯನ್ನೂ ಈ ನೀರಿಗೆ ಬಿಡದಿರಲಿ.