ಕ್ಸೆನೊಫೋನನ ಸೇನಾವೃತ್ತಾಂತ

ಕ್ರಿ.ಪೂ. 401ರಲ್ಲಿ ಪರ್ಷಿಯದ ರಾಜಕುಮಾರ ಕಿರಿಯ ಸೈರಸ್, ಅಣ್ಣನಾದ ಎರಡನೆಯ ಅರ್ತಕ್ಸೆರ್ಕ್ಸಿಸನ ಸಿಂಹಾಸನವನ್ನು ಕಸಿಯಲೆಂದು ಹತ್ತು ಸಾವಿರಕ್ಕೂ ಮಿಕ್ಕ ಗ್ರೀಕ್ ಬಾಡಿಗೆ ಸೈನಿಕರನ್ನು ಕಟ್ಟಿಕೊಂಡು ಹೊರಟು, ಬ್ಯಾಬಿಲೋನಿನ ಸಮೀಪದ ಕುನಾಕ್ಸದ ಕಾಳಗದಲ್ಲಿ ಹತನಾದನು. ಪ್ರಾಂತಾಧಿಪತಿ ತಿಸ್ಸಫೆರ್ನಿಸನು ಮಾತುಕತೆಯ ನೆಪದಲ್ಲಿ ಗ್ರೀಕ್ ದಳಪತಿಗಳನ್ನು ಸೆರೆಹಿಡಿದ ಬಳಿಕ ಆಯ್ಕೆಯಾದ ಹೊಸ ನಾಯಕರಲ್ಲೊಬ್ಬನಾದ ಅಥೆನ್ಸಿನ ಕ್ಸೆನೊಫೋನನು, ಈ ದಂಡಯಾತ್ರೆಯನ್ನೂ ಮರಳುವ ದಾರಿಯನ್ನೂ ಮುಂದೆ ‘ಅನಾಬಸಿಸ್’ ಎಂಬ ಗ್ರಂಥದಲ್ಲಿ ದಾಖಲಿಸಿದನು.

ತನ್ನನ್ನೂ ಪರಕೀಯನಂತೆ ಹೆಸರಿಟ್ಟೇ ಕರೆಯುವ ಈ ಲೇಖಕ ದಾರಿಯನ್ನು ಪರಸಾಂಗ್‌ಗಳಲ್ಲಿ, ಅಂದರೆ ಸುಮಾರು ಐದು ಕಿಲೋಮೀಟರಿನ ಪರ್ಷಿಯದ ಅಳತೆಯಲ್ಲಿ, ಎಣಿಸುತ್ತ ಸಾಗುತ್ತಾನೆ. ಆದರೆ ಬರಹ ನಿಜಕ್ಕೂ ಜೀವ ತಳೆಯುವುದು ಆರ್ಮೇನಿಯದ ಹಿಮದಲ್ಲಿ. ಅಲ್ಲಿನ ಮನೆಗಳು ನೆಲದಡಿಯಲ್ಲಿದ್ದು, ಬಾವಿಯಂತೆ ಬಾಯಿ ಕಿರಿದಾಗಿ ಒಳಗೆ ವಿಶಾಲವಾಗಿದ್ದವೆಂದೂ, ಜನರು ಏಣಿಯಿಂದಲೂ ದನಕುರಿಗಳು ತೋಡಿದ ದಾರಿಯಿಂದಲೂ ಇಳಿಯುತ್ತಿದ್ದರೆಂದೂ, ಕಾಳು ತೇಲುತ್ತಿದ್ದ ಬಾರ್ಲಿಯ ಮದ್ಯವನ್ನು ಗೆಣ್ಣಿಲ್ಲದ ಜೊಂಡಿನ ಕೊಳವೆಯಿಂದ ಹೀರಬೇಕಿತ್ತೆಂದೂ ಅವನು ಬರೆಯುತ್ತಾನೆ. ಹಿಮದಲ್ಲಿ ಕುದುರೆಗಳು ಹೊಟ್ಟೆಯವರೆಗೆ ಹೂತುಹೋಗದಂತೆ ಅವುಗಳ ಕಾಲಿಗೆ ಚೀಲ ಕಟ್ಟುವ ಉಪಾಯವನ್ನು ಹೇಳಿಕೊಟ್ಟವನು ಅಲ್ಲಿನ ಒಂದು ಊರಿನ ಮುಖ್ಯಸ್ಥನೇ. ಅವನನ್ನೇ ದಾರಿತೋರಲು ಕರೆದೊಯ್ದ ಸ್ಪಾರ್ಟಾದ ದಳಪತಿ ಖೈರಿಸೋಫಸನು ಸಿಟ್ಟಿನಲ್ಲಿ ಹೊಡೆದು ಕಟ್ಟಿಹಾಕದೆ ಬಿಟ್ಟಾಗ, ಆತ ಮಗನನ್ನೂ ಬಿಟ್ಟು ರಾತ್ರಿ ಪಲಾಯನ ಮಾಡಿದನು. ಇಡೀ ಪಯಣದಲ್ಲಿ ಖೈರಿಸೋಫಸನಿಗೂ ತನಗೂ ನಡುವೆ ಹುಟ್ಟಿದ ಏಕೈಕ ಜಗಳ ಇದರ ಕುರಿತಾದದ್ದೆಂದು ಕ್ಸೆನೊಫೋನನು ಹೇಳುತ್ತಾನಾದರೂ, ಹಳ್ಳಿಗರ ಚಳಿಗಾಲದ ದಾಸ್ತಾನನ್ನು ತಿಂದು ಬದುಕಿದ ಸೇನೆಯ ಬಗ್ಗೆ ಅವನಿಗೆ ಅಂಥ ಅಳುಕೇನೂ ಕಾಣದು. ಕ್ರಿ.ಪೂ. 400ರಲ್ಲಿ ಆ ಸೇನೆ ಕಪ್ಪು ಸಮುದ್ರದ ದಡದ ಗ್ರೀಕ್ ನಗರ ಟ್ರಪೆಝಸನ್ನು, ಇಂದಿನ ಟರ್ಕಿಯ ಟ್ರಾಬ್ಜಾನನ್ನು, ತಲುಪಿತು.