ಪುನರ್ನಿರ್ಮಿತ ಇಂಜಿನ್ನಿನ ಪ್ರಾರಂಭಕ್ಲೇಶ: ಕಾರಣಗಳ ಪೂರ್ವಾಪರ ವಿವೇಚನೆ

ಬೋರು ಮಾಡಿಸಿ, ಹೊಸ ಪಿಸ್ಟನ್ನುಗಳನ್ನೂ ರಿಂಗುಗಳನ್ನೂ ಹೂಡಿ, ಹೆಡ್ಡಿನ ವಾಲ್ವುಗಳನ್ನು ಉಜ್ಜಿ ಕೂರಿಸಿ, ಅಚ್ಚುಕಟ್ಟಾಗಿ ಕಟ್ಟಿ ಮುಗಿಸಿದ ಇಂಜಿನ್ನು, ಸೆಲ್ಫ್ ಹೊಡೆದಾಗ ಚೆನ್ನಾಗಿಯೇ ತಿರುಗಿದರೂ ಹೊತ್ತಿಕೊಳ್ಳದಿರುವುದು, ಅಥವಾ ಹೊತ್ತಿಕೊಂಡಂತೆ ತೋರಿ ಮರುಕ್ಷಣವೇ ನಿಂತುಹೋಗುವುದು, ವಾಹನವಿದ್ಯೆಯಲ್ಲಿ ಹೊಸ ಸಂಗತಿಯೇನೂ ಅಲ್ಲ. ಹೊಸದಾಗಿರುವುದು ಅದಕ್ಕೆ ನಾವು ಮಾಡುವ ಚಿಕಿತ್ಸೆ. ಕಾರ್ಬ್ಯುರೇಟರಿನ ಕಾಲದಲ್ಲಿ ಇಂಧನದ ಪ್ರಮಾಣವನ್ನು ಬದಲಿಸಬೇಕಾದರೆ ಜೆಟ್ಟನ್ನು ಬಿಚ್ಚಬೇಕಾಗಿತ್ತು. ಆ ಶ್ರಮವೇ ಮೇಸ್ತ್ರಿಯನ್ನು ಒಂದು ಗಳಿಗೆ ತಡೆದು, ದೋಷವು ನಿಜವಾಗಿಯೂ ಇಂಧನದಲ್ಲಿದೆಯೇ ಎಂದು ಆಲೋಚಿಸುವಂತೆ ಮಾಡುತ್ತಿತ್ತು. ಇಂದಾದರೋ, ಲ್ಯಾಪ್‌ಟಾಪನ್ನು ಇಂಜಿನ್ನಿನ ನಿಯಂತ್ರಕಕ್ಕೆ ಜೋಡಿಸಿ ಅದರ ಇಂಧನಕೋಷ್ಟಕದ ಒಂದು ಅಂಕಿಯನ್ನು ಏರಿಸಿದೊಡನೆಯೇ ಇಂಜೆಕ್ಟರುಗಳು ಹೆಚ್ಚು ಪೆಟ್ರೋಲನ್ನು ಚಿಮ್ಮುತ್ತವೆ. ಈ ಸೌಲಭ್ಯವೇ ಇಂದಿನ ಅನೇಕ ವಿಫಲ ಶೋಧನೆಗಳ ಮೂಲವಾಗಿದೆಯೆಂಬುದೂ, ಪ್ರಾರಂಭಕಾಲದ ಇಂಧನಾಂಕವನ್ನು ಮುಟ್ಟುವುದು ಪರೀಕ್ಷಾಕ್ರಮದ ಮೊದಲ ಹೆಜ್ಜೆಯಾಗಿರದೆ ಕಡೆಯ ಹೆಜ್ಜೆಯಾಗಿರತಕ್ಕದ್ದೆಂಬುದೂ ಪ್ರಸ್ತುತ ಲೇಖನದ ಪ್ರತಿಪಾದ್ಯ.

ವಿಚಾರಕ್ಕೆ ಒಂದು ಗಟ್ಟಿಯಾದ ಆಧಾರವಿರಲೆಂದು, ಮಲೆನಾಡಿನ ಕಾಫಿತೋಟದ ದಾರಿಗಳಲ್ಲಿಯೂ ರ‍್ಯಾಲಿ ಸ್ಪರ್ಧೆಗಳಲ್ಲಿಯೂ ಬಹುಕಾಲ ದುಡಿದಿರುವ ಮಾರುತಿ ಜಿಪ್ಸಿಯ 1298 ಘನ ಸೆಂಟಿಮೀಟರ್ ಗಾತ್ರದ, ನಾಲ್ಕು ಸಿಲಿಂಡರುಗಳ ಇಂಜಿನ್ನನ್ನು ನಿದರ್ಶನವಾಗಿ ಇಟ್ಟುಕೊಳ್ಳೋಣ. ಇದರ ಬೋರು 74 ಮಿಲಿಮೀಟರು, ಸ್ಟ್ರೋಕು 75.5 ಮಿಲಿಮೀಟರು. ಇಂಥ ಇಂಜಿನ್ನುಗಳನ್ನು ಬಿಚ್ಚಿ ಕಟ್ಟುವವರಲ್ಲಿ ಕೆಲವರು ಕಾರ್ಖಾನೆಯ ನಿಯಂತ್ರಕವನ್ನು ತೆಗೆದು, ತಾವೇ ಅಂಕಿಗಳನ್ನು ತುಂಬಬಹುದಾದ ನಿಯಂತ್ರಕವನ್ನು ಹಾಕಿಕೊಳ್ಳುವುದುಂಟು. ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೋ ಎಂಬಿಬ್ಬರು 2001ರ ಸುಮಾರಿಗೆ ಹೊರತಂದ ಮೆಗಾಸ್ಕ್ವರ್ಟ್ ಎಂಬ ಸಾಧನವು ಈ ವಿದ್ಯೆಯನ್ನು ಹವ್ಯಾಸಿಗಳ ಕೈಗೆ ಎಟುಕಿಸಿದವುಗಳಲ್ಲಿ ಪ್ರಮುಖವಾದುದು.

ತಣ್ಣಗಿರುವ ಇಂಜಿನ್ನಿಗೆ ಹೆಚ್ಚು ಇಂಧನ ಬೇಕೆಂಬುದು ಸರ್ವವಿದಿತ. ಏತಕ್ಕೆ ಬೇಕೆಂಬುದನ್ನು ಮಾತ್ರ ಸ್ಪಷ್ಟವಾಗಿ ತಿಳಿದಿರುವುದು ಅವಶ್ಯಕ. ಪೆಟ್ರೋಲೆಂಬುದು ಒಂದೇ ದ್ರವ್ಯವಲ್ಲ. ಸುಮಾರು 35 ಡಿಗ್ರಿಯಿಂದ 200 ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟು ಬೇರೆಬೇರೆ ಉಷ್ಣತೆಗಳಲ್ಲಿ ಕುದಿಯುವ ಅನೇಕ ದ್ರವ್ಯಗಳ ಮಿಶ್ರಣ. ಉರಿಯುವುದು ಆವಿಯೇ ಹೊರತು ದ್ರವವಲ್ಲವಾದುದರಿಂದ, ತಣ್ಣನೆಯ ಲೋಹದ ಮೇಲೆ ಬಿದ್ದ ಪೆಟ್ರೋಲಿನಲ್ಲಿ ಹಗುರವಾದ ಅಂಶ ಮಾತ್ರ ಆವಿಯಾಗಿ ಗಾಳಿಯೊಡನೆ ಬೆರೆತು, ಉಳಿದುದು ಇನ್‌ಟೇಕ್ ನಾಳದ ಗೋಡೆಗಂಟಿಕೊಂಡೋ ಸಿಲಿಂಡರಿನೊಳಗೆ ಹನಿಯಾಗಿಯೋ ನಿಲ್ಲುತ್ತದೆ. ಕೊರತೆಯನ್ನು ತುಂಬಲೆಂದು ಲೆಕ್ಕಕ್ಕಿಂತ ಹಲವು ಪಟ್ಟು ಪೆಟ್ರೋಲನ್ನು ಕೊಡಬೇಕಾಗುತ್ತದೆ. ಹಾಗೆ ಕೊಟ್ಟುದರಲ್ಲಿ ಆವಿಯಾಗದೆ ಉಳಿದ ಭಾಗವೇ ಮುಂದಿನ ಕ್ಷಣದಲ್ಲಿ ಪ್ಲಗ್ಗನ್ನು ತೋಯಿಸುತ್ತದೆ. ಕೊರತೆ ಮತ್ತು ಅತಿರೇಕಗಳ ನಡುವಣ ಈ ಕಿರುದಾರಿಯ ಅರಿವು ಪೂರ್ವಕಾಲದ ನಿರ್ಮಾತೃಗಳಿಗೆ ಚೆನ್ನಾಗಿಯೇ ಇತ್ತು. ಜರ್ಮನಿಯ ಬಾಷ್ ಸಂಸ್ಥೆಯು ಅಮೆರಿಕದ ಬೆಂಡಿಕ್ಸ್ ಸಂಸ್ಥೆಯ ಮೂಲಕಲ್ಪನೆಗಳನ್ನು ಆಧರಿಸಿ ರೂಪಿಸಿ, 1967ರಲ್ಲಿ ಫೋಕ್ಸ್‌ವಾಗನ್ 1600 ಕಾರಿನಲ್ಲಿ ಅಳವಡಿಸಿದ ಡಿ-ಜೆಟ್ರಾನಿಕ್ಕಿನ ಅನಂತರ ಬಂದ ಆ ಸಂಸ್ಥೆಯ ಅನೇಕ ಪದ್ಧತಿಗಳಲ್ಲಿ, ತಣ್ಣನೆಯ ಇಂಜಿನ್ನಿಗೆಂದೇ ಪ್ರತ್ಯೇಕವಾದೊಂದು ಚಿಮ್ಮುಕವೂ, ಅದನ್ನು ಹತೋಟಿಯಲ್ಲಿಡಲು ಉಷ್ಣತೆಗೂ ಕಾಲಕ್ಕೂ ಏಕಕಾಲದಲ್ಲಿ ಅಧೀನವಾದ ಒಂದು ಸ್ವಿಚ್ಚೂ ಇರುತ್ತಿದ್ದುವು. ಎರಡು ಲೋಹಗಳ ಪಟ್ಟಿಯನ್ನು ವಿದ್ಯುತ್ತಿನಿಂದ ಕಾಯಿಸಿ ಬಾಗಿಸುವ ಆ ಸ್ವಿಚ್ಚು, ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಸುಮಾರು 8 ಸೆಕೆಂಡುಗಳಲ್ಲಿ ಹೆಚ್ಚುವರಿ ಇಂಧನವನ್ನು ಕಡಿದುಹಾಕುತ್ತಿತ್ತು. ಅಂದಮೇಲೆ ನಮ್ಮ ನಾಡಿನ ಹವೆಯಲ್ಲಿ, ಅರ್ಧ ನಿಮಿಷ ಸೆಲ್ಫ್ ಹೊಡೆಯುತ್ತ ಪೂರ್ಣಪ್ರಮಾಣದ ಅಧಿಕೇಂಧನವನ್ನು ಸುರಿಸುತ್ತಲೇ ಇರುವ ಕೋಷ್ಟಕವನ್ನು ವಿವೇಕದ ಕೃತಿಯೆಂದು ಹೇಳಲಾಗದು.

ಬೋರು ದೊಡ್ಡದಾದುದರಿಂದ ಇಂಧನ ಸಾಲುತ್ತಿಲ್ಲವೆಂಬ ವಾದವು ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಲೆಕ್ಕ ಮಾಡಿ ನೋಡೋಣ. ನಮ್ಮ ನಿದರ್ಶನದ ಒಂದೊಂದು ಸಿಲಿಂಡರಿನ ಗಾತ್ರ ಸುಮಾರು 325 ಘನ ಸೆಂಟಿಮೀಟರು. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಗಾಳಿ ಲೀಟರಿಗೆ 1.2 ಗ್ರಾಮಿನಂತೆ ತೂಗುವುದರಿಂದ, ಸಿಲಿಂಡರು ಪೂರ್ಣವಾಗಿ ತುಂಬಿದರೆ ಅದರಲ್ಲಿ 0.39 ಗ್ರಾಂ ಗಾಳಿಯಿರುತ್ತದೆ. ಶುದ್ಧ ಪೆಟ್ರೋಲಿಗೆ ಸಲ್ಲುವ 14.7ರ ಗಾಳಿ-ಇಂಧನ ಅನುಪಾತದಂತೆ ಅದಕ್ಕೆ ಬೇಕಾದುದು 26ರಿಂದ 27 ಮಿಲಿಗ್ರಾಂ. ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರು ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆಯಾಗಿರುವುದರಿಂದ 24 ಮಿಲಿಗ್ರಾಂ ಸಾಕು. ಇನ್ನು ಅರ್ಧ ಮಿಲಿಮೀಟರು ಬೋರು ಹೆಚ್ಚಿಸಿದಾಗ ಒಟ್ಟು ಗಾತ್ರವು 1298ರಿಂದ ಸುಮಾರು 1316ಕ್ಕೆ ಏರುತ್ತದೆ. ಹೆಚ್ಚಳ ನೂರಕ್ಕೆ ಒಂದೂವರೆಗೂ ಕಡಿಮೆ. ತಣ್ಣನೆಯ ಪ್ರಾರಂಭದಲ್ಲಿ ಹಲವು ಪಟ್ಟುಗಳ ಲೆಕ್ಕದಲ್ಲಿ ಇಂಧನವನ್ನು ಏರಿಳಿಸುವಾಗ ಈ ಒಂದೂವರೆಯು ಗಣನೆಗೇ ಬಾರದು. ದೊಡ್ಡ ಇಂಜೆಕ್ಟರುಗಳನ್ನು ಹಾಕಿ ಅವುಗಳ ಅಳತೆಯನ್ನು ನಿಯಂತ್ರಕಕ್ಕೆ ತಿಳಿಸದೆ ಬಿಟ್ಟಿದ್ದರೆ ಮಾತು ಬೇರೆ. ಆಗ ದೋಷವು ಗಾತ್ರದ್ದಲ್ಲ, ಲೆಕ್ಕ ಬರೆದವನದು.

ಹಾಗಾದರೆ ಮೊದಲು ನೋಡಬೇಕಾದುದು ಯಾವುದನ್ನು? ನಿಸ್ಸಂಶಯವಾಗಿ ಕಿಡಿಯನ್ನು, ಅದರಲ್ಲಿಯೂ ಕಿಡಿಯ ಕಾಲವನ್ನು. ಪ್ಲಗ್ಗನ್ನು ಹೊರತೆಗೆದು ಕಿಡಿ ಹಾರುವುದನ್ನು ಕಂಡು ತೃಪ್ತರಾಗುವವರು ಅರ್ಧ ಪರೀಕ್ಷೆಯನ್ನು ಮಾತ್ರ ಮಾಡಿದಂತಾಯಿತು, ಏಕೆಂದರೆ ಕಿಡಿಯು ಎಲ್ಲಿ ಹಾರಬೇಕೋ ಅಲ್ಲಿಯೇ ಹಾರುತ್ತಿದೆಯೆಂಬುದಕ್ಕೆ ಅದು ಪ್ರಮಾಣವಲ್ಲ. ನಿಯಂತ್ರಕವು ಕ್ರ್ಯಾಂಕಿನ ಸ್ಥಾನವನ್ನು ತಿಳಿಯುವುದು, ಹಲ್ಲುಚಕ್ರದ ಮಗ್ಗುಲಲ್ಲಿ ಕೂತ ಸೆನ್ಸರಿನ ಮೂಲಕ. 36 ಹಲ್ಲುಗಳಲ್ಲಿ ಒಂದನ್ನೋ, 60 ಹಲ್ಲುಗಳಲ್ಲಿ ಎರಡನ್ನೋ ಬಿಟ್ಟ ಆ ಚಕ್ರದ ಖಾಲಿ ಜಾಗವೇ ಅದಕ್ಕೆ ಎಣಿಕೆಯ ಆರಂಭ. ಅಯಸ್ಕಾಂತ ಮತ್ತು ಸುರುಳಿಗಳಿಂದಾದ ಸೆನ್ಸರಿನಲ್ಲಿ ಹುಟ್ಟುವ ವೋಲ್ಟೇಜು ವೇಗವನ್ನವಲಂಬಿಸಿರುವುದರಿಂದ, ಓಡುವ ಇಂಜಿನ್ನಿನಲ್ಲಿ ಹತ್ತಾರು ವೋಲ್ಟುಗಳಷ್ಟು ಬಲವಾಗಿರುವ ಸಂಕೇತವು, ನಿಮಿಷಕ್ಕೆ 200 ಸುತ್ತುಗಳ ಸೆಲ್ಫಿನಲ್ಲಿ ಅತ್ಯಂತ ಕ್ಷೀಣವಾಗಿರುತ್ತದೆ. ಇಂಜಿನ್ನನ್ನು ಕಟ್ಟುವಾಗ ಸೆನ್ಸರಿಗೂ ಹಲ್ಲಿಗೂ ಇರಬೇಕಾದ ಸುಮಾರು ಒಂದು ಮಿಲಿಮೀಟರಿನ ಎಡೆಯು ಕೊಂಚ ಹೆಚ್ಚಾಗಿದ್ದರೂ, ಚಕ್ರವು ಓರೆಯಾಗಿ ಕೂತಿದ್ದರೂ, ಸೆಲ್ಫ್ ಮೋಟಾರಿನ ಕೇಬಲ್ಲಿನ ಪಕ್ಕದಲ್ಲೇ ಸೆನ್ಸರಿನ ತಂತಿಯನ್ನು ಎಳೆದಿದ್ದರೂ, ಆ ಕ್ಷೀಣಸಂಕೇತ ಕಲುಷಿತವಾಗುತ್ತದೆ. ಸೆನ್ಸರಿನ ಎರಡು ತಂತಿಗಳು ಅದಲುಬದಲಾದರೆ ಸಂಕೇತವು ಬರುತ್ತಲೇ ಇದ್ದರೂ, ಖಾಲಿ ಜಾಗದ ಗುರುತು ತಪ್ಪಿ, ಎಣಿಕೆ ದಾರಿಬಿಡುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ಒಂದೊಂದು ಕಂಪ್ರೆಷನ್ನಿನ ಏರಿನಲ್ಲಿಯೂ ಕ್ರ್ಯಾಂಕು ನಿಧಾನಿಸಿ ಮತ್ತೆ ಧಾವಿಸುವುದರಿಂದ, ಬಿಗಿಯಾದ ಹೊಸ ಇಂಜಿನ್ನಿನಲ್ಲಿ ಹಲ್ಲುಗಳ ನಡುವಣ ಕಾಲಾಂತರವೇ ಏರುಪೇರಾಗಿ, ಹಲ್ಲಿರುವೆಡೆಯನ್ನೂ ನಿಯಂತ್ರಕವು ಖಾಲಿಯೆಂದು ಭ್ರಮಿಸಬಹುದು.

ಇದರ ಪರೀಕ್ಷೆ ಸುಲಭ. ಇಂಜೆಕ್ಟರುಗಳ ಸಂಪರ್ಕವನ್ನು ತಪ್ಪಿಸಿ, ಕ್ರ್ಯಾಂಕ್ ಪುಲ್ಲಿಯ ಗುರುತಿನ ಮೇಲೆ ಟೈಮಿಂಗ್ ಲೈಟನ್ನು ಹಿಡಿದು ಸೆಲ್ಫ್ ಹೊಡೆಯಿಸಬೇಕು. ಪ್ರಾರಂಭಕಾಲದ ಕಿಡಿಯು ಮೇಲುತುದಿಗೆ 5ರಿಂದ 10 ಡಿಗ್ರಿ ಮುಂಚಿತವಾಗಿರುವಂತೆ ನಿಗದಿಯಾಗಿರುವುದು ವಾಡಿಕೆ. ಗುರುತು ಆ ಅಂಕಿಯಲ್ಲಿ ಅಲುಗದೆ ನಿಂತರೆ ಕಾಲವು ಸರಿಯಿದೆ. ಪರದೆಯ ಮೇಲೆ ಬರೆದಿರುವ ಡಿಗ್ರಿಗೂ ಪುಲ್ಲಿಯ ಮೇಲೆ ಬೆಳಕು ತೋರಿಸುವ ಡಿಗ್ರಿಗೂ ಭೇದವಿದ್ದಲ್ಲಿ ನಂಬತಕ್ಕದ್ದು ಬೆಳಕನ್ನೇ. ಪರದೆಯು ತೋರಿಸುವ ಸುತ್ತುಗಳ ಸಂಖ್ಯೆಯು 200ರ ಆಸುಪಾಸಿನಲ್ಲಿರದೆ ಒಮ್ಮೆ ಸೊನ್ನೆಗೂ ಒಮ್ಮೆ ಸಾವಿರಕ್ಕೂ ನೆಗೆಯುತ್ತಿದ್ದರೆ, ಇಂಧನದ ಕೋಷ್ಟಕವನ್ನು ಅಂದು ತೆರೆಯಲೇಬಾರದು.

ವಿದ್ಯುತ್ತಿನ ಮಾತು ಬಂದುದರಿಂದ ಹೇಳಬೇಕಾದುದು ಇನ್ನೊಂದಿದೆ. ಬ್ಲಾಕಿಗೆ ಹೊಸದಾಗಿ ಬಣ್ಣ ಬಳಿದು, ಆ ಬಣ್ಣದ ಮೇಲೆಯೇ ಅರ್ತಿಂಗ್ ಪಟ್ಟಿಯನ್ನು ಬಿಗಿದುಬಿಡುವುದು ಪುನರ್ನಿರ್ಮಾಣದಲ್ಲಿ ತೀರ ಸಾಮಾನ್ಯವಾದ ಅನವಧಾನ. ಆಗ ಸೆಲ್ಫ್ ಮೋಟಾರಿನ ಪ್ರಚಂಡ ವಿದ್ಯುತ್ಪ್ರವಾಹವು ಹಿಂದಿರುಗಲು ದಾರಿಯಿಲ್ಲದೆ ಸೆನ್ಸರುಗಳ ಸಣ್ಣ ತಂತಿಗಳನ್ನೇ ಹುಡುಕಿಕೊಂಡು ಹರಿಯುತ್ತದೆ. ವೋಲ್ಟೇಜು 9ಕ್ಕೋ 10ಕ್ಕೋ ಇಳಿದಾಗ ಇಂಜೆಕ್ಟರಿನ ಸೂಜಿ ತೆರೆದುಕೊಳ್ಳಲು ಹಿಡಿಯುವ ಕಾಲವು 14 ವೋಲ್ಟಿನಲ್ಲಿ ಹಿಡಿಯುವ ಸುಮಾರು ಒಂದು ಮಿಲಿಸೆಕೆಂಡಿನಿಂದ ಇಮ್ಮಡಿಯಾಗುವುದುಂಟು. ಪೆಟ್ರೋಲ್ ಪಂಪೂ ಸೋಲುತ್ತದೆ. ಇಂಥಲ್ಲಿ ಇಂಧನಾಂಕವನ್ನು ಏರಿಸಿ ಇಂಜಿನ್ನನ್ನು ಹೊತ್ತಿಸಿದವನು, ನಾಳೆ ಬ್ಯಾಟರಿಯನ್ನು ಚಾರ್ಜು ಮಾಡಿ ತಂದಾಗ ಅದೇ ಅಂಕಿಯಿಂದ ಇಂಜಿನ್ನನ್ನು ಮುಳುಗಿಸುತ್ತಾನೆ.

ಕಂಪ್ರೆಷನ್ನಿನ ವಿಷಯದಲ್ಲಿ ಹೊಸ ಇಂಜಿನ್ನೆಂಬ ಅಭಿಮಾನವು ಪರೀಕ್ಷೆಗೆ ಅಡ್ಡಿಯಾಗಬಾರದು. ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುವುದು ಇಂಜಿನ್ನು ಭಾರ ಹೊತ್ತು ದುಡಿದ ಮೇಲೆಯೇ. ಅಲ್ಲಿಯವರೆಗೆ ಗೋಡೆಯ ಮೇಲಿನ ಎಣ್ಣೆಯ ಪೊರೆಯೇ ಮುಕ್ಕಾಲುಪಾಲು ಮುದ್ರೆ. ಅತಿಯಾಗಿ ಚಿಮ್ಮಿದ ಪೆಟ್ರೋಲು ತೊಳೆದುಹಾಕುವುದು ಈ ಪೊರೆಯನ್ನೇ. ಪೊರೆ ಹೋದರೆ ಒತ್ತಡ ಸೋರುತ್ತದೆ. ಒತ್ತಡ ಸೋರಿದರೆ ಗಾಳಿ ಸಾಕಷ್ಟು ಕಾಯುವುದಿಲ್ಲ. ಕಾಯದ ಗಾಳಿಯಲ್ಲಿ ಪೆಟ್ರೋಲು ಆವಿಯಾಗುವುದಿಲ್ಲ. ಆವಿಯಾಗದುದನ್ನು ಕಂಡು ಇನ್ನಷ್ಟು ಇಂಧನವನ್ನು ಸುರಿಸುತ್ತೇವೆ. ಹೀಗೆ ಚಿಕಿತ್ಸೆಯೇ ರೋಗವನ್ನು ಬೆಳೆಸುವ ಈ ವರ್ತುಲವು ತೊಳೆದುಹೋದ ಸಿಲಿಂಡರಿನ ಗೋಡೆಗೆ ಗೀರು ಬೀಳುವುದರಲ್ಲಿ ಮುಕ್ತಾಯವಾಗುವ ಸಂಭವವೂ ಉಂಟು. ಆದಕಾರಣ ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಕಂಪ್ರೆಷನ್ ಅಳೆಯಬೇಕು. ಕಡಿಮೆಯಿದ್ದಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಎಣ್ಣೆಯಿಂದ ಒತ್ತಡ ಏರಿದರೆ ದೋಷ ರಿಂಗಿನಲ್ಲಿ. ಏರದಿದ್ದರೆ ವಾಲ್ವಿನಲ್ಲಿ, ಗ್ಯಾಸ್ಕೆಟ್ಟಿನಲ್ಲಿ ಅಥವಾ ಟೈಮಿಂಗ್ ಬೆಲ್ಟಿನಲ್ಲಿ. ನಾಲ್ಕರಲ್ಲಿಯೂ ಒಂದೇ ಸಮನಾಗಿ ಕಡಿಮೆಯಿದ್ದರೆ ಬೆಲ್ಟಿನ ಮೇಲೆ ಬಲವಾದ ಅನುಮಾನವಿಡತಕ್ಕದ್ದು: ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 15ರಿಂದ 18 ಡಿಗ್ರಿಗಳ ವ್ಯತ್ಯಾಸವಾಗಿ, ಇನ್‌ಟೇಕ್ ವಾಲ್ವು ತಡವಾಗಿ ಮುಚ್ಚಿ, ಸೆಲ್ಫಿನ ನಿಧಾನಗತಿಯಲ್ಲಿ ಒಳಬಂದ ಗಾಳಿಯ ಒಂದು ಪಾಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ.

ಈ ಶೋಧನೆಯಲ್ಲಿ ಅತ್ಯಂತ ವಿದ್ವತ್ತುಳ್ಳವರನ್ನೂ ದಾರಿತಪ್ಪಿಸುವ ಸಾಕ್ಷಿಯೊಂದಿದೆ. ಅದು ಎಕ್ಸಾಸ್ಟ್ ಕೊಳವೆಯಲ್ಲಿ ಕೂತ ಆಮ್ಲಜನಕದ ಸೆನ್ಸರು. ಅದು ಅಳೆಯುವುದು ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನೇ ಹೊರತು ಇಂಧನವನ್ನಲ್ಲ. ಪ್ಲಗ್ಗು ತೋಯ್ದು ಸಿಲಿಂಡರು ಹೊತ್ತಿಕೊಳ್ಳದಿದ್ದಾಗ, ಒಳಗೆ ಹೋದ ಆಮ್ಲಜನಕವೆಲ್ಲ ಹಾಗೆಯೇ ಹೊರಬರುವುದರಿಂದ, ಇಂಧನ ಮಿತಿಮೀರಿದ್ದರೂ ಸೆನ್ಸರು ಇಂಧನ ಸಾಲದೆಂದೇ ಸಾರುತ್ತದೆ. ಆ ಮಾತನ್ನು ನಂಬಿ ಅಂಕಿಯನ್ನು ಏರಿಸುವುದು, ಮುಳುಗುತ್ತಿರುವವನಿಗೆ ನೀರು ಕುಡಿಸಿದಂತೆ. ಮೇಲಾಗಿ ಈ ಸೆನ್ಸರಿನ ಪಿಂಗಾಣಿ ಭಾಗವು ನೂರಾರು ಡಿಗ್ರಿಗಳಷ್ಟು ಕಾಯ್ದಲ್ಲದೆ ಸರಿಯಾಗಿ ಕೆಲಸ ಮಾಡದು. ಪ್ರಾರಂಭದ ಕೆಲವು ಸೆಕೆಂಡುಗಳಲ್ಲಿ ಅದರ ಸಾಕ್ಷ್ಯವನ್ನು ಪೂರ್ತಿಯಾಗಿ ತಳ್ಳಿಹಾಕಬೇಕೆಂಬುದೇ ನನ್ನ ಅಭಿಪ್ರಾಯ. ಹೊರತೆಗೆದ ಪ್ಲಗ್ಗು ಒದ್ದೆಯೋ ಒಣಗಿದೆಯೋ ಎಂಬ ಹಳೆಯ ಮೇಸ್ತ್ರಿಗಳ ಪರೀಕ್ಷೆ ಇಲ್ಲಿ ಹೆಚ್ಚು ಪ್ರಾಮಾಣಿಕ.

ಇಷ್ಟೂ ಪರೀಕ್ಷೆಗಳು ನಿರ್ದೋಷವೆಂದು ತೋರಿಸಿದ ಬಳಿಕ, ಮೂರು ಬಾರ್ ಇಂಧನ ಒತ್ತಡದ ಪದ್ಧತಿಯಾದರೆ ಆ ಒತ್ತಡವು ಸೆಲ್ಫ್ ಹೊಡೆಯುವಾಗಲೂ ನಿಲ್ಲುತ್ತದೆಯೆಂದೂ, ನೀರಿನ ಉಷ್ಣತೆಯ ಸೆನ್ಸರು ಸುಳ್ಳಾಡುತ್ತಿಲ್ಲವೆಂದೂ ನಿಶ್ಚಯಿಸಿಕೊಂಡು, ಇಂಧನಾಂಕಕ್ಕೆ ಕೈಹಾಕಬಹುದು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ನೀರಿನ ಉಷ್ಣತೆಯೂ ಗಾಳಿಯ ಉಷ್ಣತೆಯೂ ಒಂದೇ ಆಗಿರಬೇಕಾದುದು ನ್ಯಾಯ. ಬಾಷ್ ಮಾದರಿಯ ಸೆನ್ಸರು 20 ಡಿಗ್ರಿಯಲ್ಲಿ ಸುಮಾರು 2500 ಓಮುಗಳನ್ನೂ 80 ಡಿಗ್ರಿಯಲ್ಲಿ 300ಕ್ಕೆ ಸ್ವಲ್ಪ ಮೇಲ್ಪಟ್ಟೂ ತೋರಿಸತಕ್ಕದ್ದು. ಇಲ್ಲಿ ಕಾಲವೇ ಮುಖ್ಯವಾದ ಅಡಚಣೆ. ಒಮ್ಮೆ ಹೊತ್ತಿಕೊಂಡ ಇಂಜಿನ್ನು ಮತ್ತೆ ಪೂರ್ತಿ ತಣ್ಣಗಾಗಲು ಒಂದು ರಾತ್ರಿ ಬೇಕು. ಎರಡನೆಯ ಪ್ರಯತ್ನದ ವೇಳೆಗೆ ಗೋಡೆ ಬೆಚ್ಚಗಾಗಿರುತ್ತದೆ, ನಾಳ ತೋಯ್ದಿರುತ್ತದೆ, ಬ್ಯಾಟರಿ ಇಳಿದಿರುತ್ತದೆ. ಅದರಿಂದ ಸಿಕ್ಕುವ ಉತ್ತರವು ಬೇರೊಂದು ಪ್ರಶ್ನೆಗೆ ಸಂಬಂಧಿಸಿದುದು. ಆದುದರಿಂದ ಬೆಳಗಿನ ಮೊದಲ ಪ್ರಯತ್ನವೊಂದೇ ಆ ದಿನದ ಪ್ರಮಾಣ, ಅದಕ್ಕೆ ಮುನ್ನ ಒಂದೇ ಒಂದು ಅಂಕಿಯನ್ನು ಬದಲಿಸತಕ್ಕದ್ದು. ಬರಿಯ ಕುತೂಹಲದಿಂದ ಎರಡು ಅಂಕಿಗಳನ್ನು ಒಟ್ಟಿಗೆ ಬದಲಿಸಿದಲ್ಲಿ ಆ ಬೆಳಗು ವ್ಯರ್ಥವಾಯಿತೆಂದೇ ತಿಳಿಯಬೇಕು. ಇಂಜಿನ್ನು ಮುಳುಗಿದರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸೆಲ್ಫ್ ಹೊಡೆಯುವುದು ಉಪಾಯ. ಹಾಗೆ ಮಾಡಿದಾಗ ಇಂಧನವನ್ನು ನಿಲ್ಲಿಸುವ ಏರ್ಪಾಡು ಬಹುಮಟ್ಟಿನ ನಿಯಂತ್ರಕಗಳಲ್ಲಿ ಇದೆ.

ಬಿಸಿ ಇಂಜಿನ್ನಿನ ಕ್ಲೇಶವು ಪ್ರತ್ಯೇಕ ಲೇಖನಕ್ಕೆ ತಕ್ಕುದಾದರೂ, ಇಂಧನವೇ ಬದಲಾಗುತ್ತಿರುವ ಈ ದಿನಗಳಲ್ಲಿ ಒಂದು ಮಾತು ಅನಿವಾರ್ಯ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆತ ಇ20 ಪೆಟ್ರೋಲಿನಲ್ಲಿ ಐದನೆಯ ಒಂದು ಪಾಲು ಎಥನಾಲ್ ಇರುತ್ತದೆ. ಎಥನಾಲಿಗೆ ತಕ್ಕ ಗಾಳಿಯ ಅನುಪಾತ 9 ಮಾತ್ರವಾದುದರಿಂದ ಮಿಶ್ರಣದ ಅನುಪಾತವು 14.7ರಿಂದ ಸುಮಾರು 13.5ಕ್ಕಿಳಿದು, ಹಳೆಯ ಅಂಕಿಗಳಿಗಿಂತ ನೂರಕ್ಕೆ ಎಂಟೊಂಬತ್ತು ಪಾಲು ಹೆಚ್ಚು ಇಂಧನ ಬೇಕಾಗುತ್ತದೆ. ಎಥನಾಲು ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಕ್ಕ ಶಾಖವನ್ನು ಹೀರಿಕೊಳ್ಳುವುದು ಒಂದು ಕಡೆ. ಅಲ್ಪಪ್ರಮಾಣದಲ್ಲಿ ಬೆರೆತಾಗ ಮಿಶ್ರಣದ ಆವಿಯೊತ್ತಡವು ಇಳಿಯುವ ಬದಲು ಕೊಂಚ ಏರುವುದು ಇನ್ನೊಂದು ಕಡೆ. ಹೀಗಾಗಿ ಚಳಿಗಾಲದ ಮಡಿಕೇರಿಯ ಬೆಳಗಿಗೂ ಬೇಸಗೆಯ ರಾಯಚೂರಿನ ಮಧ್ಯಾಹ್ನಕ್ಕೂ ಸಲ್ಲುವ ಪ್ರಾರಂಭಕೋಷ್ಟಕಗಳು ಪರದೇಶದ ಚಳಿಯಲ್ಲಿ ತಯಾರಾದ ಪುಸ್ತಕಗಳಿಂದ ದೊರೆಯಲಾರವು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳೂ, ಇಂಜಿನ್ ಕಟ್ಟುವ ಗ್ಯಾರೇಜುಗಳೂ, ಪ್ರತಿ ಬೆಳಗಿನ ಮೊದಲ ಪ್ರಯತ್ನದ ನೀರಿನ ಉಷ್ಣತೆ, ಸೆಲ್ಫಿನ ವೋಲ್ಟೇಜು, ಹೊತ್ತಿಕೊಳ್ಳಲು ಹಿಡಿದ ಕಾಲ, ಇಂಜೆಕ್ಟರು ತೆರೆದ ಅವಧಿ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಪರಸ್ಪರ ಹಂಚಿಕೊಳ್ಳಬೇಕೆಂದು ಈ ವಿದ್ಯೆಯಲ್ಲಿ ಆಸಕ್ತರಾದ ಎಲ್ಲರನ್ನೂ ಪ್ರಾರ್ಥಿಸುತ್ತೇನೆ.